ಹಿಂದಿನ ಸಾಲಿನ ಅಜ್ಜಿಯೂ ಹಳದಿ ಸ್ಪೀಕರೂ

ನಾನು ಕೆಲಸ ಮಾಡುತ್ತಿದ್ದ ಅಂಗಡಿಗೆ ಹೊಸಬರು ಮೂವರು ಸೇರಿದ್ದಾರೆ. ಮೊನ್ನೆ ಅವರಲ್ಲೊಬ್ಬಳು ಫೋನು ಮಾಡಿ, "ಮೇಡಂ, ಸಣ್ಣ ಬ್ಯಾಂಡಿನವ್ರು ಬಂದು ಕಮ್ಮಿ ಬೆಲೇಲಿ ಒಳ್ಳೇ ಸ್ಪೀಕರ್ ಕೊಡಿ ಅಂದ್ರೆ ಮೊದ್ಲು ಯಾವ್ದು ತೋರಿಸ್ಬೇಕು?" ಎಂದು ಕೇಳಿದಳು. "ಮೊದ್ಲು ಏನೂ ತೋರಿಸ್ಬೇಡಮ್ಮ. ಕೂರಿಸಿ ಕಾಫಿ ಕೊಡು, ಅವ್ರು ಮಾತಾಡ್ಲಿ" ಎಂದೆ. ಆ ಹುಡುಗಿಗೆ ಇದು ಉತ್ತರ ಅನ್ನಿಸಲಿಲ್ಲ. ಮುದುಕಿ ತಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡಿರಬೇಕು. ಅದಕ್ಕೇ ಸಾವಕಾಶವಾಗಿ ಬರೆದುಕೊಡೋಣ ಎಂದು ಕೂತಿದ್ದೇನೆ.

ನಾನು ಅಲ್ಲಿಗೆ ಸೇರಿದ್ದು ಟೈಪಿಸ್ಟ್ ಆಗಿ, ತೊಂಬತ್ತರ ದಶಕದ ಶುರುವಿನಲ್ಲಿ. ಜಯನಗರದ ಒಂದು ಅಡ್ಡರಸ್ತೆ, ಮೊದಲನೇ ಮಹಡಿ. ಮೈಕು, ಆಂಪ್ಲಿಫೈಯರು, ಸ್ಪೀಕರು ಮಾರುವ ಅಂಗಡಿ. ಮಾಲೀಕರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅವರಿಗೆ ಎಡಗಿವಿ ಒಂಚೂರೂ ಕೇಳಿಸುತ್ತಿರಲಿಲ್ಲ. ಒಂದೇ ಕಿವಿಯಲ್ಲಿ ಸೌಂಡು ಅಂಗಡಿ ನಡೆಸುವ ಧೈರ್ಯ ಅವರದ್ದು.

ಬನಶಂಕರಿಯಲ್ಲಿ ನಮ್ಮ ಬಾಡಿಗೆ ಮನೆಯ ಅಡುಗೆಮನೆಗೂ ಒಂದು ಕಲ್ಯಾಣ ಮಂಟಪಕ್ಕೂ ನಡುವೆ ಇದ್ದದ್ದು ಒಂದು ಗೋಡೆ. ಲಗ್ನದ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕು ಆರ್ಕೆಸ್ಟ್ರಾ ಕೇಳಿಕೊಂಡೇ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕೇಳಿಕೊಂಡು ಎಂದರೂ ತಪ್ಪೇ. ಧಿಂ ಧಿಂ ಎಂದು ಪಾತ್ರೆ ಅಲುಗುತ್ತಿದ್ದವು, ಹಾಡು ಕನ್ನಡವೋ ತೆಲುಗೋ ತಿಳಿಯುತ್ತಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಇದನ್ನು ಹೇಳಿ ಬೈದುಕೊಂಡೆ. ಯಾವ ವಾದ್ಯ ಯಾವುದನ್ನು ನುಂಗಿ ಹಾಕಿತ್ತು ಎಂಬುದನ್ನೂ ಸೇರಿಸಿ ಬೈದಿದ್ದೆ. ರಾಯರು ಬಲಗಿವಿ ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿ, "ವಿಜಯಮ್ಮ, ನಿಮ್ಮ ಟೈಪಿಂಗ್ ಸುಮಾರು. ಕಿವಿ ಚೆನ್ನಾಗಿದೆ. ನಾಳೆಯಿಂದ ಗಿರಾಕಿಗಳಿಗೆ ಸ್ಪೀಕರ್ ತೋರಿಸಿ" ಎಂದರು.

ಹಾಗೆ ನಾನು ಕೌಂಟರಿಗೆ ಬಂದೆ. ಮೊದಲ ಎರಡು ವರ್ಷ ಬಂದವರೆಲ್ಲ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಸಾರ್ ಇಲ್ವಾ?" ಎನ್ನುತ್ತಿದ್ದರು. "ಇದ್ದಾರೆ, ಬಲಗಡೆ ನಿಂತು ಮಾತಾಡಿ" ಎಂದು ಕಳಿಸುತ್ತಿದ್ದೆ. ರಾಯರು ಅವರನ್ನು ತಿರುಗಿ ನನ್ನ ಹತ್ತಿರವೇ ಅಟ್ಟುತ್ತಿದ್ದರು. ಆಗ ಅವರು ಮುಖ ಹುಳ್ಳಗೆ ಮಾಡಿಕೊಂಡು ಬರುವುದನ್ನು ನೋಡುವುದೇ ನನಗೊಂದು ಖುಷಿ.

ಆಗ ಆಂಪ್ಲಿಫೈಯರು ಬೇರೆ, ಸ್ಪೀಕರು ಬೇರೆ, ನಡುವೆ ಹಾವಿನ ಹಿಂಡಿನಂತೆ ವೈರು. ಯಾವುದನ್ನು ಯಾವುದಕ್ಕೆ ಚುಚ್ಚಬೇಕು ಎಂದು ಗೊತ್ತಿದ್ದವನೊಬ್ಬ ತಂಡದ ಜೊತೆ ಇರಲೇಬೇಕಿತ್ತು. ಆಮೇಲೆ ಆಂಪ್ಲಿಫೈಯರು ಹೊಟ್ಟೆಯೊಳಗೇ ಇರುವ ಪವರ್ಡ್ ಸ್ಪೀಕರುಗಳು ಬಂದವು. ಕರೆಂಟಿಗೆ ಒಂದು ವೈರು, ಮೈಕಿಗೆ ಒಂದು ವೈರು, ಮುಗಿಯಿತು. ಮೂರು ನಾಲ್ಕು ಜನರ ಸಣ್ಣ ತಂಡಗಳಿಗೆ ಇದರಿಂದ ಜೀವ ಬಂತು. ಅವು ಬರುವ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಸುಳ್ಳೂ ಬೆಳೆದಿತ್ತು. ತೆಂಗಿನಕಾಯಿಯಷ್ಟು ದೊಡ್ಡ ಡಬ್ಬದ ಮೇಲೂ ಸಾವಿರಾರು ವ್ಯಾಟ್ ಎಂದು ಬಂಗಾರದ ಅಕ್ಷರದಲ್ಲಿ ಬರೆದಿರುತ್ತಿದ್ದರು. "ಅಷ್ಟು ನಿಜವಾಗಿದ್ರೆ ಇದನ್ನ ಹಾಕಿದ ತಕ್ಷಣ ಜಯನಗರದ ದೀಪ ಆರಿಹೋಗ್ಬೇಕಿತ್ತು" ಎನ್ನುತ್ತಿದ್ದರು ರಾಯರು. ಅಂಥ ಅಂಕಿಯನ್ನು ನಂಬಬೇಡಿ, ಕಿವಿಯನ್ನು ನಂಬಿ. ಇದು ಈಗಲೂ ನಿಮಗೆ ಹೇಳುವ ಮಾತೇ.

ಕಿವಿಯನ್ನು ನಂಬಿಯೂ ನಾನು ಕೆಟ್ಟಿದ್ದೇನೆ. ಜೆ.ಪಿ. ನಗರದ ಒಂದು ಬಡಾವಣೆಯ ಉತ್ಸಾಹಿಗಳು ಸೇರಿ ಗೀತಗಾಯನ ತಂಡ ಕಟ್ಟಿದ್ದರು. ಸ್ಪೀಕರು ನೋಡಲು ಬಂದಾಗ ನನ್ನ ಮೆಚ್ಚಿನ ಸಿ.ಡಿ. ಹಾಕಿ ಹದಿನೈದು ಇಂಚಿನ ದೊಡ್ಡ ಸ್ಪೀಕರುಗಳ ಜೋಡಿ ಕೇಳಿಸಿದೆ. ಎಲ್ಲರೂ ತಲೆದೂಗಿದರು, ಕೊಂಡೊಯ್ದರು. ನಾನು ಬೀಗಿದೆ. ಅವರ ಕಾರ್ಯಕ್ರಮಕ್ಕೆ ರಾಯರು ನನ್ನನ್ನೂ ಕರೆದುಕೊಂಡು ಹೋದರು. ಸ್ಟುಡಿಯೋದಲ್ಲಿ ತೂಗಿ ಅಳೆದು ಮಾಡಿದ ಸಿ.ಡಿ. ಯಾವ ಡಬ್ಬದಲ್ಲೂ ಚೆನ್ನಾಗಿಯೇ ಕೇಳುತ್ತದೆ. ಬದುಕಿರುವ ಮನುಷ್ಯ ಮೈಕಿನ ಮುಂದೆ ಬಾಯಿ ಬಿಟ್ಟಾಗ ಅದೇ ಡಬ್ಬದಲ್ಲಿ ಬರೀ ಗುಂಯ್‌ಗುಟ್ಟುವ ಸದ್ದು. ನಿರೂಪಕರು ಎರಡನೇ ಭಾಗದ ಪರಿಚಯ ಹೇಳುತ್ತಿದ್ದರು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಅದರಲ್ಲಿ ಒಂದಕ್ಷರವೂ ತಿಳಿಯದೆ, ಕಾರ್ಯಕ್ರಮ ಮುಗಿಯಿತು ಎಂದುಕೊಂಡು ಊಟಕ್ಕೆ ಎದ್ದರು. ಅವರನ್ನು ನೋಡಿ ಆ ಸಾಲು ಎದ್ದಿತು. ಆ ಸಾಲನ್ನು ನೋಡಿ ಮುಂದಿನ ಸಾಲೂ ಎದ್ದಿತು. ವೇದಿಕೆಯ ಮೇಲೆ ಎಂಟು ಜನ ಖಾಲಿ ಕುರ್ಚಿಗಳಿಗೆ ಹಾಡಿದರು.

ವಾಪಸು ಬರುವಾಗ ರಾಯರು ನನ್ನನ್ನು ಬೈಯಲಿಲ್ಲ. "ಇನ್ಮೇಲೆ ಹಿಂದಿನ ಸಾಲಿನ ಅಜ್ಜೀನೇ ನಮ್ಮ ಮೀಟರು" ಎಂದರು. "ಅವರ ಹತ್ರ ಹೋಗಿ ಕೇಳಿಸ್ತಾ ಅಂತ ಮಾತ್ರ ಕೇಳ್ಬೇಡಿ. ಎಲ್ರೂ ಹೂಂ ಅಂತಾರೆ. ಕೇಳಿಸ್ದೇ ಇದ್ದೋರು ಇನ್ನೂ ಜೋರಾಗಿ ಹೂಂ ಅಂತಾರೆ, ನನ್ನ ಹಾಗೆ. ಹಾಡಲ್ಲಿ ಯಾವ ಹೂವು ಬಂತು, ಯಾವ ಊರು ಬಂತು ಅಂತ ಕೇಳಿ. ಹೇಳಿದ್ರೆ ಪಾಸು." ಅಂದಿನಿಂದ ನಾನು ಅಂಗಡಿಯಲ್ಲಿ ಸಿ.ಡಿ. ಹಾಕುವುದನ್ನು ಬಿಟ್ಟೆ. ನಿಮ್ಮ ಮೈಕು ತನ್ನಿ, ನಿಮ್ಮ ಬಾಯಿ ತನ್ನಿ ಎನ್ನತೊಡಗಿದೆ.

ಇಷ್ಟೆಲ್ಲ ಕಲಿತ ಮೇಲೂ ನಾನು ಮಾಡಿದ ದೊಡ್ಡ ತಪ್ಪು ಒಂದಿದೆ. ಅದು ಗಿರಿಜಕ್ಕನ ವಿಷಯದಲ್ಲಿ ಆದದ್ದು.

ಅವರು ನಾಲ್ವರ ತಂಡ. ಧಾರವಾಡದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ಬಸವರಾಜ ಕೀಬೋರ್ಡು ನುಡಿಸುತ್ತಿದ್ದ, ಅವನ ಅಕ್ಕ ಗಿರಿಜಾ ಹಾಡುತ್ತಿದ್ದರು, ಗೆಳೆಯರಿಬ್ಬರು ತಬಲಾ ಮತ್ತು ರಿದಂ ಪ್ಯಾಡು. ವಾರದ ದಿನ ಎಲ್ಲರಿಗೂ ಒಂದೊಂದು ಆಫೀಸು. ಗಿರಿಜಕ್ಕನದು ದಿನವಿಡೀ ಫೋನೆತ್ತಿ ಮಾತಾಡುವ ಕೆಲಸ. ರಜೆಯ ದಿನ ಮದುವೆ ಆರತಕ್ಷತೆಗಳಲ್ಲಿ ಹಾಡು. ಆಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು.

"ಮೇಡಂ, ಹದಿನೈದು ಇಂಚಿಂದು ಎರಡು ಕೊಡ್ರಿ. ಎದಿ ಗುಂ ಅನಬೇಕ್ರಿ" ಎಂದ ಬಸವರಾಜ.

"ಯಾರ ಎದೆ?"

"ಕೂತ ಮಂದೀದ್ರಿ."

ಗಿರಿಜಕ್ಕ ಎರಡು ಬೆರಳಿಂದ ಗಂಟಲು ಮುಟ್ಟಿಕೊಂಡು, "ಮಂದಿ ಎದಿ ಆಮ್ಯಾಲ. ಮೊದ್ಲ ನನ್ನ ಗಂಟ್ಲದ್ದು ನೋಡ್ರಿ" ಎಂದರು. ದನಿ ಆಗಲೇ ಒಡೆದಿತ್ತು. ಛತ್ರದವರ ಸ್ಪೀಕರುಗಳಲ್ಲಿ ತಬಲಾ, ಕೀಬೋರ್ಡಿನ ಮೇಲೆ ಅವರ ದನಿ ಅವರಿಗೇ ಕೇಳಿಸುತ್ತಿರಲಿಲ್ಲವಂತೆ. ಕೇಳಿಸದಿದ್ದಾಗ ಮನುಷ್ಯ ಕೂಗುತ್ತಾನೆ. ಎರಡು ವರ್ಷ ಹಾಗೆ ಕೂಗಿದ್ದರು. "ಡಾಕ್ಟ್ರು ಹೇಳ್ಯಾರ್ರಿ. ಹಿಂಗ ಒದರಿದ್ರ ಹಾಡೋದು ಮರತುಬಿಡು ಅಂತ. ನನಗ ಹಾಡೋದು ಬಿಟ್ರ ಈ ಊರಾಗ ಬ್ಯಾರೆ ಏನೈತ್ರಿ?"

ಆ ಮಾತು ನನಗೆ ನಾಟಿತು. ಅವರ ಕೈಯಲ್ಲಿದ್ದ ದುಡ್ಡಿಗೆ ಹದಿನೈದು ಇಂಚಿನ ಜೋಡಿ ಬರುತ್ತಿತ್ತು. ಅಥವಾ ಹನ್ನೆರಡು ಇಂಚಿನ ಜೋಡಿ, ಜೊತೆಗೆ ಹಾಡುವವರ ಕಾಲ ಬಳಿ ಓರೆಯಾಗಿ ಮಲಗಿಸುವ ಸಣ್ಣದೊಂದು ಸ್ಪೀಕರು. ಆ ಸಣ್ಣದು ಜನರಿಗಲ್ಲ, ಅವರ ದನಿಯನ್ನು ಅವರಿಗೇ ಕೇಳಿಸುವುದಕ್ಕೆ. ಬಸವರಾಜನಿಗೆ ಇದು ಸುತರಾಂ ಹಿಡಿಸಲಿಲ್ಲ. "ಮಂದಿಗೆ ಕೇಳದ ಸ್ಪೀಕರಿಗೆ ರೊಕ್ಕ ಯಾಕ ಕೊಡಬೇಕ್ರಿ?" ಎಂದ. ಶನಿವಾರ ವಾದ್ಯಗಳನ್ನು ತರಿಸಿ, ಅಂಗಡಿಯಲ್ಲೇ ಆ ಮೂರು ಸ್ಪೀಕರು ಹಾಕಿ ನಾಲ್ವರನ್ನೂ ನಿಲ್ಲಿಸಿ ನುಡಿಸಿ ಎಂದೆ. ನಾನು ಮೆಟ್ಟಿಲಿಳಿದು ರಸ್ತೆಯಾಚೆ ಎಳನೀರಿನವನ ಪಕ್ಕ ನಿಂತು ಕೇಳಿದೆ. ಗಿರಿಜಕ್ಕ ಮೊದಲ ಬಾರಿಗೆ ಮೆಲ್ಲಗೆ ಹಾಡಿದ್ದು ಅವತ್ತು. ಬಿಎಂಟಿಸಿ ಬಸ್ಸು ಹೋಗುವಾಗಲೂ ಮಾತು ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಎಳನೀರಿನವನು ಕತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಸ್ಟ್ಯಾಂಡಿನಿಂದ ಆಟೋ ಕರೆಸಿ ಮೂರು ಡಬ್ಬ, ಮುಕ್ಕಾಲಿ ಸ್ಟ್ಯಾಂಡು ಎರಡು, ಗಿರಿಜಕ್ಕ, ಎಲ್ಲವನ್ನೂ ಅದರಲ್ಲಿ ಕೂರಿಸಿ ನೋಡಿದೆ. ಸಣ್ಣ ತಂಡಕ್ಕೆ ಸ್ಪೀಕರು ಮಾರುವಾಗ ಇದನ್ನು ಮರೆಯಬೇಡಿ. ಆಟೋದಲ್ಲಿ ಹಿಡಿಸದ, ಮೂರನೇ ಮಹಡಿಗೆ ಇಬ್ಬರು ಹೊರಲಾಗದ ಸ್ಪೀಕರು ಎಷ್ಟು ಅಗ್ಗವಾದರೂ ದುಬಾರಿಯೇ. ಎಲ್ಲ ಹಿಡಿಸಿತು, ಬಸವರಾಜನೂ ಒಪ್ಪಿ ದುಡ್ಡು ಕೊಟ್ಟ. ಹೊರಡುವಾಗ ಗಿರಿಜಕ್ಕ ಆಟೋದಿಂದ ತಲೆ ಹೊರಹಾಕಿ, "ಮೇಡಂ, ಇದರಾಗ ಬಿಳೀದು ಇಲ್ಲೇನ್ರಿ?" ಎಂದರು.

ನಾನು ಹೊಟ್ಟೆ ತುಂಬ ನಕ್ಕೆ. "ಬಿಳೀದು ಬೇಕಂದ್ರೆ ಪಕ್ಕದ ಅಂಗಡೀಲಿ ಫ್ರಿಜ್ ಸಿಗತ್ತೆ, ತೊಗೊಳ್ಳಿ" ಎಂದೆ. ಆಟೋದವನೂ ನಕ್ಕ. ಗಿರಿಜಕ್ಕ ತಲೆ ಒಳಗೆಳೆದುಕೊಂಡರು.

ಎರಡು ವಾರದ ಮೇಲೆ ಒಂದು ಸೋಮವಾರ ಬಸವರಾಜ ಸ್ಪೀಕರು ಹೊತ್ತು ಮೆಟ್ಟಿಲು ಹತ್ತಿ ಬಂದ. ಅದರ ಬೆನ್ನಿನಲ್ಲಿ, ಬಿಸಿ ಹೊರಹೋಗಲೆಂದು ಲೋಹದ ಪಟ್ಟಿಗಳಿರುತ್ತವಲ್ಲ, ಅವುಗಳ ಸಂದಿಯಲ್ಲಿ ಚೆಂಡುಹೂವಿನ ಎಸಳುಗಳು ಸೀದು ಕೂತಿದ್ದವು. ಆದದ್ದು ಇಷ್ಟು. ಆರತಕ್ಷತೆಯ ವೇದಿಕೆ ಅಲಂಕಾರವಾಗಿತ್ತು. ವಧುವಿನ ಅಜ್ಜಿ ಬಂದು, ಮದುವಣಗಿತ್ತಿಯ ಅಕ್ಕಪಕ್ಕ ಎರಡು ಕರೀ ಪೆಟ್ಟಿಗೆ ಏನು ಚೆಂದ, ಶುಭಕಾರ್ಯದಲ್ಲಿ ಕಪ್ಪು ಬೇಡ ಎಂದರು. ಹೂವಿನ ಅಲಂಕಾರದವರು ಎರಡಕ್ಕೂ ಜರಿಯ ಬಟ್ಟೆಯನ್ನು ಹಿಂದೆ ಮುಂದೆ ಸುತ್ತಿ, ಮೇಲೆ ದಪ್ಪ ದಪ್ಪ ಹಾರ ಬಿಗಿದರು. ಹಾಡು ಮಂಕಾಯಿತು. ಬಸವರಾಜ ವಾಲ್ಯೂಮು ಏರಿಸಿದ. ಉಸಿರಾಡಲು ಜಾಗವಿಲ್ಲದೆ ಸ್ಪೀಕರು ಕಾದು, ಸುಟ್ಟುಹೋಗಬಾರದೆಂದು ತನ್ನಷ್ಟಕ್ಕೆ ತಾನೇ ಬಂದಾಯಿತು. ಸ್ವಲ್ಪ ಹೊತ್ತಿಗೆ ಎರಡನೆಯದೂ ಕೈಕೊಟ್ಟಿತು. ಗಂಡು ಹೆಣ್ಣನ್ನು ಹರಸಲು ಜನ ಇನ್ನೂ ಸಾಲಿನಲ್ಲಿದ್ದರು. ಗಿರಿಜಕ್ಕ ಮೈಕಿಲ್ಲದೆ, ಆ ಗದ್ದಲದ ಮೇಲೆ ಒಂದು ಗಂಟೆ ಹಾಡಿದರು. ಮಾರನೆಯ ದಿನ ಎದ್ದಾಗ ದನಿಯೇ ಇರಲಿಲ್ಲ.

ಅವರು ಬಸವರಾಜನ ಹಿಂದೆಯೇ ನಿಂತಿದ್ದರು. ತಿಂಗಳವರೆಗೆ ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಹೇಳಿದ್ದರಂತೆ. ಆಮೇಲೂ ದನಿ ಹೇಗೆ ಬರುತ್ತದೋ ಹೇಳಲಾರೆ ಎಂದಿದ್ದರಂತೆ. ಗಿರಿಜಕ್ಕ ಕೌಂಟರಿನ ಮೇಲಿದ್ದ ಚೀಟಿ ಎಳೆದುಕೊಂಡು ಏನೋ ಬರೆದು ನನ್ನ ಮುಂದೆ ತಳ್ಳಿದರು.

"ನಾನು ಬಿಳಿ ಕೇಳಿದ್ದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೂರಿನ್ನೂರು ಆರತಕ್ಷತೆಗಳಲ್ಲಿ ಹಾಡಿದವರಿಗೆ ಅಲ್ಲಿನ ಅಜ್ಜಿಯರು ಏನನ್ನುತ್ತಾರೆ ಎಂಬುದು ಗೊತ್ತಿತ್ತು. ಅದಕ್ಕೇ ನನ್ನ ಹತ್ತಿರ ಬಿಳಿಯದನ್ನು ಕೇಳಿದ್ದರು. ನಾನು ಫ್ರಿಜ್ಜಿನ ಜೋಕು ಮಾಡಿದ್ದೆ. ರಾಯರು ಚೀಟಿ ಓದಿ ನನ್ನ ಕಡೆ ನೋಡಿದರು. "ಗಿರಾಕಿ ಕೇಳೋ ಹುಚ್ಚು ಪ್ರಶ್ನೇಲೇ ಅವರ ಕಷ್ಟ ಇರತ್ತೆ ವಿಜಯಮ್ಮ. ನನಗೆ ಇರೋದು ಒಂದು ಕಿವಿ. ನಿಮಗೆ ಎರಡಿದ್ದೂ ಕೇಳಿಸ್ಲಿಲ್ಲ" ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಅಂದ ಕಟುವಾದ ಮಾತು ಅದೊಂದೇ. ಅದು ನ್ಯಾಯವಾಗಿಯೇ ಇತ್ತು.

ಸ್ಪೀಕರು ಸತ್ತಿರಲಿಲ್ಲ, ಎಸಳು ತೆಗೆದು ಒರೆಸಿದರೆ ಸರಿಹೋಯಿತು. ಆದರೆ ಬಿಳಿ ಸ್ಪೀಕರು ಆಗ ಅವರ ಕೈಗೆಟಕುವ ಬೆಲೆಯಲ್ಲಿ ಎಲ್ಲೂ ಇರಲಿಲ್ಲ. ಬಣ್ಣ ಬಳಿದರೆ ಮುಂದಿನ ಜಾಲರಿಯ ತೂತು ಮುಚ್ಚುತ್ತದೆ. ಬಟ್ಟೆಯನ್ನೇ ಹಾಕಬೇಕು, ಆದರೆ ಸದ್ದು ದಾಟಿ ಬರುವ ಬಟ್ಟೆ. ರಾಯರು ಒಂದು ಉಪಾಯ ಹೇಳಿದರು. "ಬಟ್ಟೇನ ಬಾಯಿಗೆ ಒತ್ತಿ ಊದಿ. ಉಸಿರು ದಾಟಿದ್ರೆ ಹಾಡೂ ದಾಟತ್ತೆ."

ಮಧ್ಯಾಹ್ನ ನಾನೂ ಗಿರಿಜಕ್ಕನೂ ಶಾಪಿಂಗ್ ಕಾಂಪ್ಲೆಕ್ಸಿನ ಬಟ್ಟೆ ಅಂಗಡಿಗಳಿಗೆ ನುಗ್ಗಿದೆವು. ರೇಷ್ಮೆ ಊದಿದೆವು, ವಾಯಿಲ್ ಊದಿದೆವು, ಲೈನಿಂಗ್ ಬಟ್ಟೆ ಊದಿದೆವು. ಅಂಗಡಿಯವನು ಕೌಂಟರಿನ ಮೇಲೆ ಕೈಯೂರಿ, "ಮೇಡಂ, ಬಟ್ಟೆ ಎಳೆದು ನೋಡೋರ್ನ ನೋಡಿದೀನಿ, ಬಿಸಿಲಿಗೆ ಹಿಡಿದು ನೋಡೋರ್ನ ನೋಡಿದೀನಿ. ಊದಿ ನೋಡೋರು ನೀವೇ ಫಸ್ಟು" ಎಂದ.

"ಸ್ಪೀಕರಿಗೆ ಬಟ್ಟೆ ಹೊಲಿಸ್ಬೇಕಪ್ಪ" ಎಂದೆ.

"ಯಾವ ಸೈಜು ಅಕ್ಕ, ಬ್ಲೌಸಾ ಲಂಗಾನಾ?" ಎಂದು ಅವನೂ ಕಾಲೆಳೆದ.

ಗಿರಿಜಕ್ಕನಿಗೆ ನಗು ಬಂತು, ನಗಲು ದನಿ ಇರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಭುಜ ಕುಣಿಸಿದರು. ಅದನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಗೆದ್ದದ್ದು ಸೊಳ್ಳೆಪರದೆಯ ಬಟ್ಟೆ. ಅದನ್ನು ಶುಭಕ್ಕಿರಲಿ ಎಂದು ಅರಿಸಿನದ ಬಣ್ಣಕ್ಕೆ ಅದ್ದಿಸಿದೆವು. ಮುಂದೆ, ಮೇಲೆ, ಎರಡು ಪಕ್ಕಕ್ಕೆ ಬರುವಂತೆ ನಾನೇ ಮನೆಯ ಮಿಷನ್ನಿನಲ್ಲಿ ಹೊಲಿದೆ. ಬೆನ್ನು ಪೂರ್ತಿ ಖಾಲಿ. ಅಂಚಿಗೆ ಕೆಂಪು ಪಟ್ಟಿ ಕೊಟ್ಟೆ. ಹಿಂದುಗಡೆ "ಇಲ್ಲಿ ಹಾರ ಹಾಕಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಗಿರಿಜಕ್ಕನ ದನಿ ಮರಳಲು ಎರಡು ತಿಂಗಳು ಹಿಡಿಯಿತು. ಮೊದಲ ಕಾರ್ಯಕ್ರಮ ವಸಂತಪುರದ ಒಂದು ಛತ್ರದಲ್ಲಿ. ಅವರು ಕರೆಯದಿದ್ದರೂ ನಾನು ಹೋದೆ. ಹಳದಿ ಅಂಗಿ ತೊಟ್ಟ ಸ್ಪೀಕರುಗಳನ್ನು ನೋಡಿ ಅಲಂಕಾರದವರು ಎರಡು ಮೊಳ ಮಲ್ಲಿಗೆಯನ್ನು ಮೇಲೆ ಇಟ್ಟು ಸುಮ್ಮನಾದರು. ಹಾಡು ಶುರುವಾಯಿತು. ಅರ್ಧ ಹಾಡಿಗೆ ಹಿಂದಿನಿಂದ ಯಾರೋ ಕೈಯೆತ್ತಿ ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದರು. ತಕ್ಷಣ ಗಿರಿಜಕ್ಕನ ಎರಡು ಬೆರಳು ಗಂಟಲಿಗೆ ಹೋದವು. ದನಿ ಏರಿತು. ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು.

ಹಾಡು ಮುಗಿಯುತ್ತಲೇ ವೇದಿಕೆಯ ಪಕ್ಕಕ್ಕೆ ಹೋಗಿ, "ಹಿಂದೆ ಕೇಳಿಸ್ಲಿಲ್ಲ ಅಂದ್ರೆ ನೀವು ಕೂಗ್ಬೇಡಿ ಗಿರಿಜಾ. ಕೂಗೋ ಕೆಲಸ ಡಬ್ಬಕ್ಕೆ ಕೊಟ್ಟಿದೀವಿ. ಅದು ಮಾಡ್ಲಿಲ್ಲ ಅಂದ್ರೆ ಬಸವರಾಜ ನೋಡ್ತಾನೆ, ನಾನು ನೋಡ್ತೀನಿ" ಎಂದೆ.

"ರೂಢಿ ಬಿದ್ದೈತ್ರಿ ಮೇಡಂ. ಕೇಳಂಗಿಲ್ಲ ಅಂದಕೂಡ್ಲೇ ಜೀವ ಬಾಯಿಗೆ ಬರ್ತೈತಿ."

ಕೇಳಿಸದ ಕಾರಣ ಸುಲಭದ್ದೇ ಆಗಿತ್ತು. ಸ್ಪೀಕರು ಎದೆಯ ಎತ್ತರಕ್ಕಿತ್ತು. ಹರಸಲು ನಿಂತವರ ಬೆನ್ನಿಗೆ ಹಾಡು ಬಡಿದು ಅಲ್ಲೇ ಮುಗಿಯುತ್ತಿತ್ತು. ನಾನೂ ಬಸವರಾಜನೂ ಸ್ಟ್ಯಾಂಡನ್ನು ಎಲ್ಲರ ತಲೆಯ ಮೇಲಕ್ಕೆ ಏರಿಸಿದೆವು. ಮುಂದಿನ ಹಾಡು ಮುಗಿದ ಮೇಲೆ ನಾನು ಊಟದ ಹಾಲಿನ ಬಾಗಿಲ ಪಕ್ಕ, ಕೊನೆಯ ಸಾಲಿನಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ಹೋಗಿ, "ಈಗ ಹಾಡಿದ್ರಲ್ಲ, ಯಾವ ಹೂವು ಬಂತು?" ಎಂದೆ.

"ಸಂಪಿಗೆ" ಎಂದರು ಅಜ್ಜಿ. "ಆ ಹುಡುಗಿ ಕಿರುಚಲ್ಲ. ಅದಕ್ಕೆ ಕೂತಿದೀನಿ. ಇಲ್ದಿದ್ರೆ ಇಷ್ಟೊತ್ತಿಗೆ ಊಟ ಮುಗಿಸ್ತಿದ್ದೆ."

ಆ ಹಳದಿ ಅಂಗಿ ನಮ್ಮ ಊರಿನ ದಕ್ಷಿಣ ಭಾಗದ ಛತ್ರಗಳಲ್ಲೆಲ್ಲ ಹೆಸರಾಯಿತು. ಆಮೇಲೆ ಎಷ್ಟೋ ತಂಡಗಳಿಗೆ ಹೊಲಿದುಕೊಟ್ಟೆ. ನನ್ನ ಗಂಡ, ಮನೆಯ ಕಿಟಕಿಗೆ ಪರದೆ ಹೊಲಿಯಲು ಪುರುಸೊತ್ತಿಲ್ಲ, ಸ್ಪೀಕರಿಗೆ ಅಂಗಿ ಹೊಲಿಯುತ್ತಾಳೆ ಎಂದು ನೆಂಟರೆದುರು ಆಡಿಕೊಳ್ಳುತ್ತಿದ್ದರು. ಬಸವರಾಜ ಬೇರೆ ಬೇರೆ ತಂಡಗಳನ್ನು ಅಂಗಡಿಗೆ ಕರೆತಂದು, "ಹದಿನೈದು ಇಂಚಿಂದು ಕೇಳಬ್ಯಾಡ್ರಿ, ಮೇಡಂ ಬೈತಾರ" ಎಂದು ತಾನೇ ಎಚ್ಚರಿಸುತ್ತಿದ್ದ.

ನಿವೃತ್ತಿಯಾದ ಮರುವರ್ಷ ಬೇಗೂರಿನ ಕಡೆ ಒಂದು ಮದುವೆಗೆ ಹೋಗಿದ್ದೆ. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ, ಮಂಡಿ ನೋವು ಬೇರೆ. ಬೇಗ ಊಟಕ್ಕೆ ಏಳಬಹುದೆಂದು ಕೊನೆಯ ಸಾಲಿನಲ್ಲಿ ಕೂತೆ. ಹಾಡು ಶುರುವಾದಾಗಲೇ ಗಿರಿಜಕ್ಕನ ದನಿ ಗುರುತು ಸಿಕ್ಕಿತು. ಹಳದಿ ಅಂಗಿಯೂ ಕಂಡಿತು, ತೊಳೆದು ತೊಳೆದು ಬಣ್ಣ ಇಳಿದಿತ್ತು. ಕಣ್ಣು ಮುಚ್ಚಿ, ಎಲ್ಲಾದರೂ ಕೂಗುತ್ತಾರೇನೋ ಎಂದು ಅದನ್ನೇ ಕಾಯುತ್ತಾ ಕೇಳಿದೆ. ಎಲ್ಲೂ ಕೂಗಲಿಲ್ಲ.

ಹಾಡು ಮುಗಿಯಿತು. ತಂಡದ ಹುಡುಗಿಯೊಬ್ಬಳು ನೆಟ್ಟಗೆ ನನ್ನ ಹತ್ತಿರ ಬಂದು ಬಗ್ಗಿ, "ಅಜ್ಜೀ, ಈಗ ಹಾಡಿದ್ರಲ್ಲ, ಅದರಲ್ಲಿ ಯಾವ ಹೂವು ಬಂತು?" ಎಂದು ಕೇಳಿದಳು.

ನನ್ನನ್ನು ಅಜ್ಜಿ ಎಂದು ಕರೆದವರಲ್ಲಿ ಅವಳೇ ಮೊದಲಿಗಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆದರೆ ದನಿಯನ್ನು ಕಾಯುವ ಗಡಿಬಿಡಿಯಲ್ಲಿ ನಾನು ಹೂವನ್ನು ಗಮನಿಸಿಯೇ ಇರಲಿಲ್ಲ. "ಗೊತ್ತಾಗ್ಲಿಲ್ಲಮ್ಮ. ಇನ್ನೊಂದ್ಸಲ ಹಾಡೋಕೆ ಹೇಳು" ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ವೇದಿಕೆಗೆ ಓಡಿ ಕಿವಿಯಲ್ಲಿ ಹೇಳಿದಳು. ಗಿರಿಜಕ್ಕ ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು ಕೊನೆಯ ಸಾಲನ್ನು ಹುಡುಕಿದರು. ನಾನು ಕೈಯೆತ್ತಿ, ಏನೂ ಕೇಳಿಸಲಿಲ್ಲ ಎಂದು ಸನ್ನೆ ಮಾಡಿದೆ. ಅವರು ನನ್ನ ಗುರುತು ಹಿಡಿದರು. ಆಮೇಲೆ ಮೈಕಿನಲ್ಲೇ ನಕ್ಕರು. ಆ ನಗು ಛತ್ರದ ತುಂಬ ಕೇಳಿಸಿತು. ಬೆರಳು ಗಂಟಲಿಗೆ ಹೋಗಲಿಲ್ಲ. ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಂಡು, ದನಿಯನ್ನು ಒಂದೆಳೆಯಷ್ಟೂ ಏರಿಸದೆ, ಪೂರ್ತಿ ಹಾಡಿದರು.